ಒಂದೇ ಅಕ್ಕಿಯಲ್ಲಿ ನೀರುದೋಸೆ, ಚಿತ್ತಾರ

ಬೆಂಗಳೂರಿನಲ್ಲಿ ನಾವು ಬಾಡಿಗೆಗೆ ಹಿಡಿದಿರುವ ಎರಡು ಕೋಣೆಯ ಮನೆಗೆ ಬಂದ ದಿನವೇ ಮಾಲೀಕರು ಗೋಡೆಗೆ ಮೊಳೆ ಹೊಡೆಯಬಾರದು, ಬಣ್ಣ ಬದಲಿಸಬಾರದು ಎಂದು ಹೇಳಿದ್ದರು. ನಡುಮನೆಯ ಬೋಳು ಗೋಡೆಯನ್ನು ಕಂಡಾಗಲೆಲ್ಲ ಸಾಗರ ತಾಲ್ಲೂಕಿನ ನಮ್ಮ ಊರಿನ ಮನೆಯೂ ಅಲ್ಲಿನ ಕೆಮ್ಮಣ್ಣಿನ ಗೋಡೆಯ ಮೇಲೆ ಅಜ್ಜಿ ಬರೆಯುತ್ತಿದ್ದ ಬಿಳಿಯ ಗೆರೆಗಳೂ ನೆನಪಾಗುತ್ತಿದ್ದವು. ನಮ್ಮ ದೀವರ ಸಮುದಾಯದ ಹೆಂಗಸರು ಮದುವೆಯ ಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರಕ್ಕಾಗಲಿ, ಪೈರನ್ನು ಪೂಜಿಸುವ ಭೂಮಿ ಹುಣ್ಣಿಮೆಯ ಬುಟ್ಟಿಯ ಮೇಲಿನ ಚಿತ್ತಾರಕ್ಕಾಗಲಿ ಅಂಗಡಿಯ ಬಣ್ಣ ಬೇಕಾಗುತ್ತಿರಲಿಲ್ಲ. ಅಕ್ಕಿಯನ್ನು ಅರೆದರೆ ಬಿಳಿ, ಅದೇ ಅಕ್ಕಿಯನ್ನು ಕರಿಕಾಗುವಂತೆ ಹುರಿದು ಅರೆದರೆ ಕಪ್ಪು, ಗುರಿಗೆ ಬೀಜದಿಂದ ಹಳದಿ, ಹಿನ್ನೆಲೆಗೆ ಕೆಮ್ಮಣ್ಣು. ಪುಂಡಿಯ ನಾರೇ ಕುಂಚ. ಅಡುಗೆಮನೆಯ ಡಬ್ಬಿಯಲ್ಲಿರುವ ಅಕ್ಕಿಯಿಂದಲೇ ಗೋಡೆಯ ಕೊರತೆಯನ್ನೂ ನೀಗಿಸಬಹುದೆಂದು ನನಗೆ ತೋರಿದ್ದು ಹೀಗೆ.

ಗೋಡೆಯನ್ನು ಮುಟ್ಟುವಂತಿರಲಿಲ್ಲವಾದ್ದರಿಂದ ಹಲಗೆಯ ಮೇಲೆ ಬರೆಯಲು ನಿಶ್ಚಯಿಸಿದೆ. ಮರಗೆಲಸದ ಅಂಗಡಿಯೊಂದರಲ್ಲಿ ಉಳಿಕೆಯ ಪ್ಲೈವುಡ್ ತುಂಡು, ಮೂರು ಅಡಿ ಉದ್ದ ಎರಡು ಅಡಿ ಅಗಲದ್ದು, 150 ರೂಪಾಯಿಗೆ ಸಿಕ್ಕಿತು. ಮರಳು ಕಾಗದಕ್ಕೆ 20 ರೂಪಾಯಿ, ಅಂಟಿಗೆ 30 ರೂಪಾಯಿ ಆಯಿತು. ಕೆಮ್ಮಣ್ಣನ್ನೂ ಒಂದು ಹಿಡಿ ಪುಂಡಿ ನಾರನ್ನೂ ಅಮ್ಮ ಊರಿನಿಂದ ಬರುವವರ ಕೈಯಲ್ಲಿ ಬಟ್ಟೆಯ ಚೀಲದಲ್ಲಿ ಕಟ್ಟಿ ಕಳುಹಿಸಿಕೊಟ್ಟರು.

ಈ ಹಲಗೆಯ ಮೇಲಿನ ಮೊದಲ ಪ್ರಯತ್ನ ಕೆಟ್ಟಿತು. ಮಣ್ಣನ್ನು ಜರಡಿ ಹಿಡಿದು ನೀರಿನಲ್ಲಿ ಕಲಸಿ ಹಲಗೆಗೆ ಒಂದೇ ಸಲ ದಪ್ಪವಾಗಿ ಬಳಿದೆ; ಮರುದಿನ ಬಿಸಿಲಿಗೆ ಅದು ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟು, ಬೆರಳು ತಾಗಿಸಿದರೆ ಹೆಕ್ಕಳಿಕೆಯಾಗಿ ಉದುರುತ್ತಿತ್ತು. ಅಮ್ಮನಿಗೆ ಫೋನ್ ಮಾಡಿದಾಗ, "ಅಷ್ಟು ದಪ್ಪ ಬಳೀಬೇಡ ಮಗಾ, ಮಜ್ಜಿಗೆ ಹಾಗೆ ತೆಳ್ಳಗಿರಲಿ, ಎರಡು ಸಲ ಬಳಿ" ಎಂದರು. ಊರಿನ ಮಣ್ಣಿನ ಗೋಡೆಯು ನೀರನ್ನು ಹೀರಿಕೊಂಡು ಬಣ್ಣವನ್ನು ಹಿಡಿದುಕೊಳ್ಳುತ್ತದೆ, ಪ್ಲೈವುಡ್ಡಿನ ನುಣುಪಾದ ಮೈ ಹಾಗೆ ಹಿಡಿಯುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಹಲಗೆಯನ್ನು ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ ಒರಟು ಮಾಡಿದೆ. ಒಂದು ಲೋಟ ನೀರಿಗೆ ಎರಡು ಚಮಚ ಮೈದಾ ಹಾಕಿ ಗಂಟಾಗದಂತೆ ಕುದಿಸಿದ ಅಂಬಲಿಯನ್ನು ಕೆಮ್ಮಣ್ಣಿಗೆ ಬೆರೆಸಿ, ಒಂದು ತೆಳುವಾದ ಲೇಪ ಪೂರ್ತಿ ಒಣಗಿದ ಮೇಲೆ ಅಡ್ಡಡ್ಡವಾಗಿ ಇನ್ನೊಂದನ್ನು ಎಳೆದೆ. ಆ ಮೇಲೆ ಬಿರುಕು ಕಾಣಲಿಲ್ಲ.

ಶನಿವಾರ ರಾತ್ರಿ ಎರಡು ಲೋಟ ದೋಸೆ ಅಕ್ಕಿಯ ಜೊತೆಗೆ ಒಂದು ಹಿಡಿಯಷ್ಟು ಹೆಚ್ಚಿಗೆ ತೊಳೆದು ನೆನೆಹಾಕಿದೆ. ಅಕ್ಕಚ್ಚನ್ನು ಚೆಲ್ಲದೆ ಬಾಲ್ಕನಿಯಲ್ಲಿ ಹಳೆಯ ಎಣ್ಣೆ ಡಬ್ಬಿಗಳಲ್ಲಿ ಬೆಳೆಸಿರುವ ದೊಡ್ಡಪತ್ರೆಗೂ ಒಂದೆಲಗಕ್ಕೂ ಹಾಕುವುದು ನನ್ನ ರೂಢಿ. ಬೆಳಿಗ್ಗೆ ಬಣ್ಣದ ಪಾಲನ್ನು ಬೇರೆ ತೆಗೆದಿಟ್ಟು, ಉಳಿದ ಅಕ್ಕಿಗೆ ಅರ್ಧ ಹೋಳು ತೆಂಗಿನಕಾಯಿಯ ತುರಿ ಸೇರಿಸಿ ಮಿಕ್ಸಿಯಲ್ಲಿ ಮೂರು ಸಲಕ್ಕೆ ಅರೆದೆ. ಒಂದೇ ಸಲಕ್ಕೆ ಜಾರು ತುಂಬಿದರೆ ಅಕ್ಕಿ ಬಿಸಿಯಾಗಿ ಜಿಗುಟಾಗುತ್ತದೆ, ತರಿಯೂ ಉಳಿಯುತ್ತದೆ. ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿಕ್ಕಿದಾಗ ಬೆಣ್ಣೆಯಂತೆ ಜಾರಬೇಕು. ಒಂದು ಕಣ ಕೈಗೆ ಸಿಕ್ಕರೂ ಇನ್ನೊಂದು ಸುತ್ತು ಅರೆಯಬೇಕು. ಆಮೇಲೆ ಉಪ್ಪು ಹಾಕಿ, ಸೌಟಿನಿಂದ ಸುರಿದರೆ ಸದ್ದು ಮಾಡಿ ಬೀಳುವಷ್ಟು ನೀರಾಗಿಸಿ, ಚೆನ್ನಾಗಿ ಕಾದ ಕಾವಲಿಯ ಮೇಲೆ ಅಂಚಿನಿಂದ ನಡುವಿಗೆ ಹೊಯ್ದು ಮುಚ್ಚಳ ಮುಚ್ಚಬೇಕು. ಕಾವಲಿಯ ಕಾವು ಕಡಿಮೆಯಾದರೆ ಕಣ್ಣು ಬೀಳುವುದಿಲ್ಲ. ಅಕ್ಕಿ ತಳಕ್ಕೆ ಕೂರುವುದರಿಂದ ಪ್ರತಿ ದೋಸೆಗೂ ಮುನ್ನ ಹಿಟ್ಟನ್ನು ಅಡಿಯಿಂದ ಕದಡಲೇಬೇಕು. ಮರೆತರೆ ಮೊದಲಿನವು ಹರಿಯುತ್ತವೆ, ಕಡೆಯವು ರಬ್ಬರಿನಂತಾಗುತ್ತವೆ. ಮಗುಚಿ ಹಾಕುವ ಅಗತ್ಯವಿಲ್ಲ. ಕಾಯಿತುರಿಗೆ ಬೆಲ್ಲ, ಏಲಕ್ಕಿ ಬೆರೆಸಿದರೆ ನೆಂಚಿಕೊಳ್ಳಲು ಬೇರೇನೂ ಬೇಡ.

ಬಣ್ಣದ ಅಕ್ಕಿಗೆ ಕಾಯಿಯನ್ನಾಗಲಿ ಉಪ್ಪನ್ನಾಗಲಿ ಸೇರಿಸಬಾರದು. ಕಾಯಿಯ ಎಣ್ಣೆ ಬಿಳಿಯನ್ನು ಮಂಕು ಮಾಡುತ್ತದೆ, ಉಪ್ಪು ತೇವವನ್ನು ಎಳೆಯುತ್ತದೆ. ಬೆರಳಿನ ಪರೀಕ್ಷೆ ಮಾತ್ರ ಅದೇ, ಇಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿ. ದೋಸೆಯಲ್ಲಿ ಒಂದು ತರಿ ಉಳಿದರೆ ನಾಲಿಗೆ ಕ್ಷಮಿಸುತ್ತದೆ, ನಾರಿನ ತುದಿಯಲ್ಲಿ ಸಿಕ್ಕಿಕೊಂಡರೆ ಗೆರೆ ಅಲ್ಲಿಗೇ ಒಡೆಯುತ್ತದೆ. ಅರೆದುದನ್ನು ತೆಳುವಾದ ಪಂಚೆಯ ತುಂಡಿನಲ್ಲಿ ಸೋಸಿ, ನೆನೆಸಿಟ್ಟ ಅಂಟಿನ ನೀರನ್ನು ಒಂದು ಚಮಚ, ಪಟಿಕದ ಪುಡಿಯನ್ನು ಒಂದು ಚಿಟಿಕೆ ಬೆರೆಸುತ್ತೇನೆ. ಪಟಿಕವನ್ನು ಸೇರಿಸಲು ಕಲಿತದ್ದು ನಷ್ಟವಾದ ಮೇಲೆ: ಹಿಂದಿನ ವರ್ಷದ ಮಳೆಗಾಲದಲ್ಲಿ, ರಾತ್ರಿಯಿಡೀ ಹೊರಗಿಟ್ಟು ಹುಳಿಯಾದ ಹಿಟ್ಟಿನಿಂದಲೇ ಬರೆದ ಚಿಕ್ಕ ಹಲಗೆಯೊಂದರ ಮೇಲೆ ಎಂಟೇ ದಿನಗಳಲ್ಲಿ ಬೂಸ್ಟು ಹಿಡಿದಿತ್ತು. ಈಗ ಅರೆದ ದಿನವೇ ಬರೆದು ಮುಗಿಸುತ್ತೇನೆ, ಉಳಿದುದನ್ನು ಚೆಲ್ಲಿಬಿಡುತ್ತೇನೆ.

ಕಪ್ಪಿಗಾಗಿ ಒಂದು ಹಿಡಿ ಒಣ ಅಕ್ಕಿಯನ್ನು ಕಬ್ಬಿಣದ ಬಾಣಲೆಯಲ್ಲಿ ಇದ್ದಿಲಿನಂತಾಗುವ ತನಕ ಹುರಿಯುವಾಗ ಮನೆ ತುಂಬ ಹೊಗೆಯಾಯಿತು. ಪಕ್ಕದ ಮನೆಯ ಹಿರಿಯರು ಗಾಬರಿಯಿಂದ ಬಾಗಿಲು ತಟ್ಟಿ, "ಏನಮ್ಮಾ, ಒಲೆ ಮೇಲೆ ಏನಾದ್ರೂ ಇಟ್ಟು ಮರೆತುಬಿಟ್ರಾ?" ಎಂದು ವಿಚಾರಿಸಿದರು. ಕಿಟಕಿಗಳನ್ನೆಲ್ಲ ತೆರೆದಿಟ್ಟು, ಮೊದಲೇ ಅವರಿಗೆ ತಿಳಿಸಿ ಹುರಿಯಬೇಕಿತ್ತು. ಗುರಿಗೆ ಬೀಜ ನನಗೆ ಇಲ್ಲಿ ಸಿಗಲಿಲ್ಲ. ಅರಿಶಿನ ಬಿಸಿಲಿಗೆ ಬಣ್ಣಗೆಡುವುದರಿಂದ ಹಳದಿಯನ್ನು ಕೈಬಿಟ್ಟು ಬಿಳಿ, ಕಪ್ಪುಗಳಲ್ಲಿಯೇ ತೃಪ್ತಿಪಟ್ಟೆ.

ಪುಂಡಿ ನಾರಿನ ತುದಿಯನ್ನು ನೀರಿನಲ್ಲಿ ನೆನೆಸಿ ಕಲ್ಲಿನಿಂದ ಮೆಲ್ಲಗೆ ಜಜ್ಜಿದರೆ ಎಳೆಗಳು ಬಿಡಿಯಾಗುತ್ತವೆ. ನೇರ ಗೆರೆಗಳಿಗೆ ನಾನು ಕಂಡುಕೊಂಡ ಉಪಾಯವೆಂದರೆ ಹೊಲಿಗೆ ದಾರ: ದಾರವನ್ನು ಬಿಳಿಯಲ್ಲಿ ಅದ್ದಿ, ಒಂದು ತುದಿಯನ್ನು ಮಗಳು, ಇನ್ನೊಂದನ್ನು ನಾನು ಬಿಗಿಯಾಗಿ ಹಿಡಿದು ಹಲಗೆಗೆ ಒತ್ತಿ ಎತ್ತಿದೆವು. ಆ ಗುರುತಿನ ಮೇಲೆ ನಾರಿನಿಂದ ಉಸಿರು ಹಿಡಿದು ಒಂದೇ ಎಳೆತಕ್ಕೆ ಗೆರೆ ಎಳೆದೆ. ಹೊರಗೆ ಏಣಿಯಾಕಾರದ ಅಂಚು, ಒಳಗೆ ಜೋಗಿ ಜಡೆ ಎಂಬ ವಿನ್ಯಾಸ, ನಡುವೆ ಒಂದು ಚಿಕ್ಕ ತೇರು. ಮದುಮಕ್ಕಳನ್ನು ಮುಂದೆ ಕೂರಿಸುವ ಪೂರ್ಣ ಹಸೆ ಚಿತ್ತಾರವನ್ನು ನಾನು ಬರೆಯಲಿಲ್ಲ. ಅದು ಮದುವೆಯ ಮನೆಗೆ ಸೇರಿದ್ದು, ಹಾಡಿನೊಂದಿಗೆ ಮೂಡಬೇಕಾದದ್ದು. ಸೋಫಾದ ಹಿಂದಿನ ಅಲಂಕಾರಕ್ಕೆ ಅದನ್ನು ಇಳಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಚಿತ್ತಾರವನ್ನು ಹೊಸದಾಗಿ ಕಲಿಯುವವರೂ ಈ ವ್ಯತ್ಯಾಸವನ್ನು ಕೇಳಿ ತಿಳಿದುಕೊಂಡರೆ ಚೆನ್ನ ಎಂಬುದು ನನ್ನ ಅನಿಸಿಕೆ.

ಬರೆಯುವುದು ಮಧ್ಯಾಹ್ನ ಎರಡು ಗಂಟೆಯ ತನಕ ನಡೆದುದರಿಂದ ಊಟಕ್ಕೆ ಅನ್ನ, ದೊಡ್ಡಪತ್ರೆ ತಂಬುಳಿ ಮಾತ್ರ. ಹತ್ತು ಹನ್ನೆರಡು ಎಲೆಗಳನ್ನು ಅರ್ಧ ಚಮಚ ಜೀರಿಗೆ, ನಾಲ್ಕು ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಬಾಡಿಸಿ, ಆರಿದ ಮೇಲೆ ಒಂದು ಹಿಡಿ ಕಾಯಿತುರಿಯ ಜೊತೆ ಅರೆದು ಮಜ್ಜಿಗೆಗೆ ಬೆರೆಸಿ ಸಾಸಿವೆಯ ಒಗ್ಗರಣೆ ಕೊಟ್ಟರೆ ಆಯಿತು. ತಂಬುಳಿಯನ್ನು ಕುದಿಸಬಾರದು, ಮಜ್ಜಿಗೆ ಒಡೆಯುತ್ತದೆ.

ಹಲಗೆಯನ್ನು ಎರಡು ದಿನ ನೆರಳಿನಲ್ಲಿ ಒಣಗಿಸಿ, ನಡುಮನೆಯ ಗಿಡ್ಡ ಕಪಾಟಿನ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದೇನೆ, ಮೊಳೆ ಬೇಕಾಗಲಿಲ್ಲ. ಅಕ್ಕಿಯ ಬಣ್ಣಕ್ಕೆ ಜಿರಲೆ ಬರುವ ಭಯವಿರುವುದರಿಂದ ಅಡುಗೆಮನೆಯಿಂದ ದೂರವಿಟ್ಟು, ಹದಿನೈದು ದಿನಕ್ಕೊಮ್ಮೆ ಹಿಂಬದಿಯನ್ನು ಒಣಬಟ್ಟೆಯಿಂದ ಒರೆಸುತ್ತೇನೆ. ಏಣಿಯ ಕೆಳಗಿನ ಮೂಲೆಯಲ್ಲಿ ಮಗಳ ಕೈ ತಾಗಿ ಎರಡು ಗೆರೆ ಮಸುಕಾಗಿವೆ. ಈ ಶನಿವಾರ ದೋಸೆಗೆ ನೆನೆಹಾಕುವಾಗ ಮತ್ತೆ ಒಂದು ಹಿಡಿ ಅಕ್ಕಿಯನ್ನು ಹೆಚ್ಚಿಗೆ ಹಾಕಬೇಕು.