ಘೋಷಣೆಯಿಂದ ಕಡತಕ್ಕೆ: ಪರಿಸರ ಅಹವಾಲು ಸಭೆಗೆ ತಯಾರಿ

ಕಾಲೇಜು ಮುಷ್ಕರದಲ್ಲಿ ದನಿ ಗಟ್ಟಿಯಿದ್ದರೆ ಅರ್ಧ ಕೆಲಸ ಮುಗಿದಂತೆ. ಗಣಿಯೋ ಕಾರ್ಖಾನೆಯೋ ಬರಲಿರುವ ಊರಿನಲ್ಲಿ, ಪರಿಸರ ಅನುಮತಿಗೆ ಮೊದಲು ಜನರ ಮಾತು ಕೇಳಲು ನಡೆಯುವ ಅಹವಾಲು ಸಭೆಯಲ್ಲಿ ಹಾಗಲ್ಲ. ಕೊನೆಗೆ ಉಳಿಯುವುದು ನಡಾವಳಿಗೆ, ಅಂದರೆ ಸಭೆಯ ಲಿಖಿತ ದಾಖಲೆಗೆ, ಸೇರಿದ ಮಾತು ಮಾತ್ರ.

2006ರ ಇಐಎ (ಪರಿಸರ ಪರಿಣಾಮ ಅಂದಾಜು) ಅಧಿಸೂಚನೆ ಪ್ರಕಾರ ಸಭೆಯ ಪ್ರಕಟಣೆ ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಬರಬೇಕು. ಆ ಪುಟ ದಿನಾಂಕ ಸಮೇತ ಎತ್ತಿಡಿ. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂದು ಹೇಳುವ ಕರಡು ವರದಿ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯಿತಿ, ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಓದಲು ಸಿಗಬೇಕು. ಸಿಗದಿದ್ದರೆ ಜಗಳ ಬೇಡ. ಹಾಗೆಂದು ಪತ್ರ ಬರೆದುಕೊಟ್ಟು, ಮುದ್ರೆ ಬಿದ್ದ ಸ್ವೀಕೃತಿ ಪಡೆಯಿರಿ.

ವರದಿಯನ್ನು ಮನೆಯಲ್ಲಿ ಕೂತು ಓದಿದರೆ ಸಾಲದು. ಹಳ್ಳ, ಕೆರೆ, ಬಾವಿ, ಗೋಮಾಳದ ಪಟ್ಟಿ ಹಿಡಿದು ಊರಿನ ಹಿರಿಯರೊಂದಿಗೆ ನಡೆದು ನೋಡಿ. ಬೇಸಿಗೆಯಲ್ಲಿ ಅಳತೆ ಮಾಡಿದವರಿಗೆ ಮಳೆಗಾಲದ ಹಳ್ಳ ಕಂಡಿರುವುದಿಲ್ಲ. ತಪ್ಪು ಸಿಗುವುದು ಬಹುತೇಕ ಇಲ್ಲೇ. ಫೋಟೋ, ಸರ್ವೆ ನಂಬರ್, ವರದಿಯ ಪುಟಸಂಖ್ಯೆ ಮೂರನ್ನೂ ಒಂದೇ ಹಾಳೆಗೆ ತನ್ನಿ. ಬೇರೆ ದಾಖಲೆ ಬೇಕಿದ್ದರೆ 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ, ಆದರೆ ಉತ್ತರಕ್ಕೇ 30 ದಿನ ಹಿಡಿಯಬಹುದು, ಹಾಗಾಗಿ ತಡಮಾಡಬೇಡಿ.

ಬಹಿಷ್ಕಾರ ವಿದ್ಯಾರ್ಥಿ ಚಳವಳಿಯ ಹಳೇ ಚಟ. ಇಲ್ಲಿ ಕೋರಂ (ಕನಿಷ್ಠ ಹಾಜರಾತಿ) ನಿಯಮವೇ ಇಲ್ಲ, ನಾಲ್ಕೇ ಜನ ಬಂದರೂ ಸಭೆ ನಡೆಯುತ್ತದೆ. ಒಳಗೆ ಹೋಗಿ, ಒಬ್ಬರು ಒಂದೇ ವಿಷಯ ಮಾತಾಡಿ, ಲಿಖಿತ ಪ್ರತಿಯನ್ನೂ ಕೊಡಿ. ಭಾಷಣ ಮುಗಿಸಿ ಬಸ್ಸು ಹತ್ತಬೇಡಿ: ನಡಾವಳಿಯನ್ನು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ವಿವರಿಸಬೇಕು. ನಿಮ್ಮ ಆಕ್ಷೇಪ ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ.

ಯೋಜನೆಗೆ ಪರಿಸರ ಅನುಮತಿ ಸಿಕ್ಕೇಬಿಟ್ಟರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನವಿದೆ.