ದೂರು ಬರೆಯುವಾಗ ಯಾವ ತಪ್ಪಿಗೆ ಯಾವ ಇಂಗ್ಲಿಷ್ ಪದ?

ಪೊಲೀಸ್ ಠಾಣೆಗೆ, ತಾಲ್ಲೂಕು ಕಚೇರಿಗೆ ಕೊಡುವ ದೂರು ಕನ್ನಡದಲ್ಲೇ ಇರಲಿ, ಅಲ್ಲಿ ಇಂಗ್ಲಿಷಿನ ಹಂಗಿಲ್ಲ. ಆದರೆ ಬ್ಯಾಂಕಿನ ಮುಖ್ಯ ಕಚೇರಿಗೋ ವಿಮಾ ಕಂಪನಿಗೋ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯ ಎಚ್‌ಆರ್‌ಗೋ ಮೇಲ್ ಹಾಕಬೇಕಾದಾಗ ಸಾಮಾನ್ಯವಾಗಿ ಇಂಗ್ಲಿಷ್ ಬೇಕಾಗುತ್ತದೆ. ಇಂಥ ಪತ್ರಗಳು ಕೆಡುವುದು ವ್ಯಾಕರಣದಿಂದಲ್ಲ, ಸಣ್ಣ ತಪ್ಪಿಗೆ ದೊಡ್ಡ ಪದ ಹಾಕುವುದರಿಂದ. ಫ್ರಾಡ್ ಎಂದು ಬರೆದ ಕೂಡಲೇ ಎದುರಿನವರಿಗೆ ಮೋಸದ ಉದ್ದೇಶ ಇತ್ತು ಎಂದು ತೋರಿಸುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ತೋರಿಸಲಾಗದಿದ್ದರೆ ಆ ಒಂದು ಪದವನ್ನೇ ಹಿಡಿದು ಇಡೀ ದೂರನ್ನು ತಳ್ಳಿಹಾಕುತ್ತಾರೆ.

ಹಾಗಾಗಿ ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆದುಕೊಳ್ಳಿ: ಯಾರು, ಯಾವ ದಿನ, ಏನು ಮಾಡಿದರು, ನಿಮ್ಮ ಕೈಯಲ್ಲಿರುವ ಪುರಾವೆ ಏನು. ಕಳ್ಳ, ಮೋಸಗಾರ, ಲಂಚಕೋರ ಎಂಬ ಮಾತು ಆ ನಾಲ್ಕು ಸಾಲಿನಲ್ಲಿ ಬರಬಾರದು, ಮಾಡಿದ ಕೆಲಸ ಮಾತ್ರ ಬರಬೇಕು. ಪದ ಹುಡುಕುವುದು ಅದಾದ ಮೇಲೆ.

ಹೆಚ್ಚು ಗೊಂದಲ ಆಗುವುದು ದುಡ್ಡಿನ ವಿಷಯದಲ್ಲಿ. ಚೀಟಿ ನಡೆಸುತ್ತಿದ್ದವರು ಹಣ ಕೊಡಲಿಲ್ಲ ಎಂದಿಟ್ಟುಕೊಳ್ಳಿ. ಎಲ್ಲರೂ ಚೀಟಿಂಗ್ ಎಂದೇ ಬರೆಯುತ್ತಾರೆ. ಕಾನೂನಿನಲ್ಲಿ ಚೀಟಿಂಗ್ ಆಗಬೇಕಾದರೆ ದುಡ್ಡು ಪಡೆಯುವಾಗಲೇ ಸುಳ್ಳು ಹೇಳಿ ನಂಬಿಸಿರಬೇಕು. ನಂಬಿಕೆಯಿಂದ ಒಪ್ಪಿಸಿದ ದುಡ್ಡನ್ನು ಆಮೇಲೆ ಅಪ್ರಾಮಾಣಿಕವಾಗಿ ಸ್ವಂತಕ್ಕೆ ಬಳಸಿಕೊಂಡಿದ್ದರೆ ಅದು ಕ್ರಿಮಿನಲ್ ಬ್ರೀಚ್ ಆಫ್ ಟ್ರಸ್ಟ್. ಒಂದೇ ಘಟನೆಗೆ ಈ ಎರಡೂ ಒಟ್ಟಿಗೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಸ್ಪಷ್ಟವಾಗಿ ಹೇಳಿದೆ. ಜನರ ಬಾಯಲ್ಲಿ ಇನ್ನೂ ಓಡಾಡುವ 420 ಹಳೆಯ ಐಪಿಸಿಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಚೀಟಿಂಗ್ 318ನೇ ಕಲಂ, ಬ್ರೀಚ್ ಆಫ್ ಟ್ರಸ್ಟ್ 316. ಇನ್ನು ಸರಸ್ವತಿಪುರಂನ ಪಿಜಿಯವರು ಅಡ್ವಾನ್ಸ್ ವಾಪಸ್ ಕೊಡಲು ಸತಾಯಿಸುತ್ತಿದ್ದರೆ ಎರಡೂ ಬೇಡ. ‘ನಾನ್-ರೀಫಂಡ್ ಆಫ್ ಡೆಪಾಸಿಟ್’ ಎಂದರೆ ಸಾಕು, ಅದನ್ನು ರಸೀದಿ ಒಂದರಿಂದಲೇ ತೋರಿಸಬಹುದು.

ವಸ್ತು ಹೋದಾಗ ಹೇಗೆ ಹೋಯಿತು ಎಂಬುದರ ಮೇಲೆ ಪದ ನಿಲ್ಲುತ್ತದೆ. ಒಪ್ಪಿಗೆ ಇಲ್ಲದೆ ಒಯ್ದರೆ ಥೆಫ್ಟ್. ಬೆದರಿಸಿ ನಿಮ್ಮ ಕೈಯಿಂದಲೇ ಕೊಡಿಸಿಕೊಂಡರೆ ಎಕ್ಸ್‌ಟಾರ್ಷನ್. ಕದಿಯುವಾಗ ಹೊಡೆದರೆ ಅಥವಾ ಆ ಕ್ಷಣದಲ್ಲೇ ಹೊಡೆಯುವ ಭಯ ಹುಟ್ಟಿಸಿದರೆ ರಾಬರಿ. 5 ಅಥವಾ ಹೆಚ್ಚು ಜನ ಸೇರಿ ರಾಬರಿ ಮಾಡಿದರೆ ಡಕಾಯಿಟಿ. ಸರ ಕಿತ್ತುಕೊಂಡು ಓಡುವುದಕ್ಕೆ ಈಗ ಸ್ನ್ಯಾಚಿಂಗ್ ಎಂಬ ಪ್ರತ್ಯೇಕ ಕಲಂ ಇದೆ, 304.

ಜಮೀನಿನ ವಿಷಯಕ್ಕೆ ಬಂದರೆ, ಬದು ಸರಿಸಿ ಉಳುವುದು ಎನ್‌ಕ್ರೋಚ್‌ಮೆಂಟ್. ಬೆದರಿಸಲೆಂದೋ ಅಪರಾಧ ಮಾಡಲೆಂದೋ ನಿಮ್ಮ ಹೊಲಕ್ಕೆ ನುಗ್ಗುವುದು ಕ್ರಿಮಿನಲ್ ಟ್ರೆಸ್‌ಪಾಸ್. ಬೇಕೆಂದೇ ಪಂಪ್‌ಸೆಟ್ ಪೈಪು ಒಡೆದು ನಷ್ಟ ಮಾಡಿದರೆ ಮಿಸ್ಚೀಫ್. ಶಾಲೆಯಲ್ಲಿ ಮಕ್ಕಳ ತುಂಟತನಕ್ಕೆ ಹೇಳುವ ಪದವೇ ಕಾನೂನಿನಲ್ಲಿ ಆಸ್ತಿ ಹಾಳುಮಾಡುವ ಅಪರಾಧ, ಇದನ್ನು ಮರೆಯಬೇಡಿ.

ಅಸಾಲ್ಟ್ ಕೂಡ ಹೀಗೇ ದಾರಿ ತಪ್ಪಿಸುತ್ತದೆ. ನಮ್ಮ ಕಾನೂನಿನ ಅಸಾಲ್ಟ್‌ಗೆ ಮೈಮುಟ್ಟಲೇಬೇಕೆಂದಿಲ್ಲ, ಈಗ ಹೊಡೆದೇಬಿಡುತ್ತಾನೆ ಅನ್ನಿಸುವಂತೆ ಕೈ ಎತ್ತಿದರೂ ಅಸಾಲ್ಟೇ. ಹೊಡೆದು ನೋವಾದರೆ ಹರ್ಟ್. ಮೂಳೆ ಅಥವಾ ಹಲ್ಲು ಮುರಿದರೆ, ಇಲ್ಲವೇ 15 ದಿನ ತೀವ್ರ ನೋವು ಉಳಿದರೆ ಅಥವಾ ದಿನನಿತ್ಯದ ಕೆಲಸ ಮಾಡಲಾಗದಿದ್ದರೆ ಗ್ರೀವಿಯಸ್ ಹರ್ಟ್. ಆಸ್ಪತ್ರೆಯ ಗಾಯದ ವರದಿ ಕೈಗೆ ಸಿಗುವ ಮೊದಲೇ ಗ್ರೀವಿಯಸ್ ಎಂದು ಬರೆಯಲು ಹೋಗಬೇಡಿ. ಹೆಣ್ಣುಮಕ್ಕಳನ್ನು ಚುಡಾಯಿಸುವುದಕ್ಕೆ ಈವ್ ಟೀಸಿಂಗ್ ಎಂಬ ಪದವನ್ನು ಬಿಟ್ಟೇಬಿಡಿ, ಅದು ಅಪರಾಧವನ್ನು ತಮಾಷೆಯ ಮಟ್ಟಕ್ಕೆ ಇಳಿಸುತ್ತದೆ. ಸೆಕ್ಷುಯಲ್ ಹರಾಸ್‌ಮೆಂಟ್ ಎನ್ನಿ, ಬೇಡವೆಂದರೂ ಹಿಂದೆ ಬೀಳುತ್ತಿದ್ದರೆ ಸ್ಟಾಕಿಂಗ್. ಇದು ಕೆಲಸದ ಜಾಗದಲ್ಲಿ ನಡೆದಿದ್ದರೆ ಅಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿಗೆ 3 ತಿಂಗಳೊಳಗೆ ಲಿಖಿತ ದೂರು ಹೋಗಬೇಕು.

ನೌಕರರ ಬಗ್ಗೆ ಬರೆಯುವಾಗ, ಮಾಡಬೇಕಾದ್ದನ್ನು ಅಜಾಗ್ರತೆಯಿಂದ ಬಿಟ್ಟರೆ ನೆಗ್ಲಿಜೆನ್ಸ್, ನಿಯಮ ಮೀರಿ ನಡೆದುಕೊಂಡರೆ ಮಿಸ್‌ಕಂಡಕ್ಟ್, ಕಚೇರಿಯ ದುಡ್ಡು ನುಂಗಿದರೆ ಮಿಸ್‌ಅಪ್ರೊಪ್ರಿಯೇಷನ್. ಮಾಲ್‌ಪ್ರಾಕ್ಟೀಸ್ ಎಂದರೆ ನಮ್ಮ ವಿಶ್ವವಿದ್ಯಾಲಯಗಳ ಭಾಷೆಯಲ್ಲಿ ಪರೀಕ್ಷೆಯ ನಕಲು, ವೈದ್ಯರ ತಪ್ಪಿಗೆ ಮೆಡಿಕಲ್ ನೆಗ್ಲಿಜೆನ್ಸ್ ಎಂದೇ ಬರೆಯಿರಿ.

ಗ್ರಾಹಕರ ಆಯೋಗಕ್ಕೆ 2 ವರ್ಷದೊಳಗೆ ದೂರು ಕೊಡಬೇಕು. ಅಲ್ಲಿ ವಸ್ತುವಿನ ದೋಷ ಡಿಫೆಕ್ಟ್, ಸೇವೆಯ ಕೊರತೆ ಡಿಫಿಷಿಯೆನ್ಸಿ, ಸುಳ್ಳು ಜಾಹೀರಾತಿನಂಥದ್ದು ಅನ್‌ಫೇರ್ ಟ್ರೇಡ್ ಪ್ರಾಕ್ಟೀಸ್. ಕಾರ್ಖಾನೆಗೆ ಕಬ್ಬು ಮಾರುವ ಮದ್ದೂರಿನ ರೈತ ಆ ವ್ಯವಹಾರದಲ್ಲಿ ಗ್ರಾಹಕನಲ್ಲ. ತೂಕದಲ್ಲಿ ಮೋಸವಾದರೆ ಶಾರ್ಟ್ ವೇಯ್ಟ್ ಎಂದು ಬರೆದು, ತೂಕದ ಚೀಟಿಯ ಪ್ರತಿ ಲಗತ್ತಿಸಿ, ತೂಕ-ಅಳತೆ ನೋಡಿಕೊಳ್ಳುವ ಕಾನೂನು ಮಾಪನಶಾಸ್ತ್ರ ಇಲಾಖೆಗೆ ಕೊಡಬೇಕು.

ಪದ ಸಿಕ್ಕ ಮೇಲೆ ಅದರ ಜೊತೆಗಾರ ಪದಗಳನ್ನು ನೋಡಿಕೊಳ್ಳಿ. ಕ್ರೈಮ್ ಅನ್ನು ‘ಡು’ ಮಾಡುವುದಿಲ್ಲ, ‘ಕಮಿಟ್’ ಮಾಡುತ್ತಾರೆ. ಮಿಸ್ಟೇಕ್‌ಗೆ ‘ಮೇಕ್’. ವಸ್ತುವಿಗೆ ‘ಸ್ಟೀಲ್’, ವ್ಯಕ್ತಿಗೆ ಅಥವಾ ಬ್ಯಾಂಕಿಗೆ ‘ರಾಬ್’. ಆದ್ದರಿಂದ ‘ಹಿ ರಾಬ್ಡ್ ಮೈ ಫೋನ್’ ತಪ್ಪು, ‘ಹಿ ಸ್ಟೋಲ್ ಮೈ ಫೋನ್’ ಸರಿ. ‘ಅಕ್ಯೂಸ್ಡ್ ಆಫ್’, ‘ಚಾರ್ಜ್ಡ್ ವಿತ್’, ‘ಕನ್ವಿಕ್ಟೆಡ್ ಆಫ್’: ಮೊದಲನೆಯದು ಬರೀ ಆರೋಪ, ಎರಡನೆಯದು ಅಧಿಕೃತವಾಗಿ ಹೊರಿಸಿದ ಆರೋಪ, ಮೂರನೆಯದು ಕೋರ್ಟು ತಪ್ಪಿತಸ್ಥ ಎಂದ ಮೇಲೆ ಮಾತ್ರ. ತೀರ್ಪಿಗೆ ಮುಂಚೆ ಕಲ್ಪ್ರಿಟ್ ಎಂದು ಬರೆದು ಊರೆಲ್ಲ ಹಂಚಿದರೆ ನಿಮ್ಮ ಮೇಲೇ ಡಿಫಮೇಷನ್ ಕೇಸು ಬೀಳಬಹುದು. ಆ ಜಾಗಕ್ಕೆ ‘ದಿ ಪರ್ಸನ್ ಕನ್ಸರ್ನ್ಡ್’ ಹಾಕಿ, ಕೃತ್ಯದ ಹೆಸರಿಗೆ ಮೊದಲು ‘ಅಲೆಜ್ಡ್’ (ಆರೋಪಿತ) ಸೇರಿಸಿ. ವಿಷಯದ ಸಾಲಿನಲ್ಲಿ ಒಂದೇ ಆರೋಪ, ದಿನಾಂಕ, ರಸೀದಿ ಅಥವಾ ಖಾತೆಯ ಸಂಖ್ಯೆ ಇದ್ದರೆ ಸಾಕು.