ಮನೆಯೊಳಗಿನ ಹಿಂಸೆಯಿಂದ ಪ್ರಾಣಭಯವಿದ್ದರೆ: ಬ್ರಿಟನ್ನಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳಿಗೆ ಮಾರ್ಗದರ್ಶಿ

ಬಾಡಿಗೆ ಮನೆ, ಮಕ್ಕಳ ಶಾಲೆ, ಜಿ.ಪಿ. (ಬಡಾವಣೆಯ ವೈದ್ಯರು) ನೋಂದಣಿಗಳ ಓಡಾಟದಲ್ಲಿರುವವರಿಗೆ ಈ ಅಧ್ಯಾಯ ತಮಗೆ ಸಂಬಂಧಿಸಿದ್ದಲ್ಲ ಎನಿಸಬಹುದು. ಆದರೂ ದಯವಿಟ್ಟು ಓದಿಟ್ಟುಕೊಳ್ಳಿ. ನಿಮಗೆ ಬೇಕಾಗದಿದ್ದರೂ ಪಕ್ಕದ ಬೀದಿಯ ತಂಗಿಯೊಬ್ಬಳಿಗೆ ಬೇಕಾದೀತು.

ಈ ಕ್ಷಣದಲ್ಲೇ ಅಪಾಯವಿದ್ದರೆ 999ಕ್ಕೆ ಕರೆ ಮಾಡಬೇಕು. ಮಾತನಾಡಿದರೆ ಏಟು ಬೀಳುವ ಸ್ಥಿತಿಯಿದ್ದಾಗ ಮೊಬೈಲಿನಿಂದ 999 ಒತ್ತಿ, ಕೇಳಿದಾಗ 55 ಒತ್ತಿದರೆ ಕರೆಯನ್ನು ಪೊಲೀಸರಿಗೆ ದಾಟಿಸುತ್ತಾರೆ. ಆದರೆ 55 ಒತ್ತಿದ ಮಾತ್ರಕ್ಕೆ ನೀವಿರುವ ಜಾಗ ಅವರಿಗೆ ತಿಳಿದುಬಿಡುವುದಿಲ್ಲ. ಪಿಸುಮಾತಿನಲ್ಲೋ, ಕೆಮ್ಮಿಯೋ, ಫೋನನ್ನು ಬೆರಳಿನಿಂದ ತಟ್ಟಿಯೋ ಅವರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾಗುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸಿನ 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಹಿಂಸೆಯೆಂದರೆ ಹೊಡೆತ ಬಡಿತವಷ್ಟೇ ಅಲ್ಲ. ಸಂಬಳದ ಹಣ ಕಸಿದುಕೊಳ್ಳುವುದು, ತವರಿಗೆ ಫೋನ್ ಮಾಡದಂತೆ ತಡೆಯುವುದು, ಪಾಸ್‌ಪೋರ್ಟ್ ಬಚ್ಚಿಡುವುದು, ಹೋದಲ್ಲಿ ಬಂದಲ್ಲಿ ಕಾವಲು ಕಾಯುವುದು ಇವೆಲ್ಲವೂ ಅದರೊಳಗೆ ಬರುತ್ತವೆ. ಗಂಡನಷ್ಟೇ ಅಲ್ಲ, ಅತ್ತೆ, ಮಾವ, ನಾದಿನಿ, ಮೈದುನರ ನಡವಳಿಕೆಗೂ ಈ ಕಾಯ್ದೆ ಅನ್ವಯಿಸುತ್ತದೆ. ಹಿಂಸೆಯನ್ನು ಕಂಡು ಕೇಳಿ ಬೆಳೆಯುವ ಮಗುವೂ ಕಾನೂನಿನ ಕಣ್ಣಿನಲ್ಲಿ ಸ್ವತಃ ಸಂತ್ರಸ್ತ. ಗಂಡಸರೂ ಇದಕ್ಕೆ ತುತ್ತಾಗುತ್ತಾರೆ. ಅವರಿಗೆ 0808 801 0327ರಲ್ಲಿ ಪ್ರತ್ಯೇಕ ಸಹಾಯವಾಣಿಯಿದೆ.

ಅಪಾಯ ತೀವ್ರವಾಗಿರುವವರಿಗಾಗಿ ಈ ದೇಶದಲ್ಲಿ ವಿಶೇಷ ತರಬೇತಿ ಪಡೆದ ಸಲಹೆಗಾರರಿದ್ದಾರೆ. ಸ್ವತಂತ್ರ ಕೌಟುಂಬಿಕ ದೌರ್ಜನ್ಯ ಸಲಹೆಗಾರರೆಂಬ ಉದ್ದನೆಯ ಹೆಸರನ್ನು ಎಲ್ಲರೂ ಐಡ್ವಾ ಎಂದು ಕರೆಯುತ್ತಾರೆ. ಅವರು ಪೊಲೀಸರಿಗಾಗಲಿ ಕೌನ್ಸಿಲ್‌ಗಾಗಲಿ ಅಲ್ಲದೆ ನಿಮ್ಮ ಪರವಾಗಿ ಕೆಲಸ ಮಾಡುವವರು. ಮನೆಯ ಬೀಗ ಬದಲಿಸುವುದರಿಂದ ಹಿಡಿದು, ರೆಫ್ಯೂಜ್ ಎನ್ನುವ ಗುಪ್ತ ಆಶ್ರಯಮನೆಯಲ್ಲಿ ಜಾಗ ಹುಡುಕುವುದು, ಹಿಂಸಿಸುವವನು ಹತ್ತಿರ ಸುಳಿಯದಂತೆ ನ್ಯಾಯಾಲಯದಿಂದ ಆದೇಶ ಪಡೆಯುವುದು, ವಿಚಾರಣೆಯ ದಿನ ಜೊತೆಗೆ ಬರುವುದರವರೆಗೆ ಅವರು ನೆರವಾಗುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಪೊಲೀಸರು, ಜಿ.ಪಿ., ಪ್ರಸೂತಿ ಶುಶ್ರೂಷಕಿ, ಶಾಲೆ, ಇವರಲ್ಲಿ ಯಾರಿಗೆ ಹೇಳಿಕೊಂಡರೂ ಐಡ್ವಾ ಬಳಿಗೆ ದಾರಿ ಮಾಡಿಕೊಡಬಲ್ಲರು. ಯಾರನ್ನು ಕೇಳಬೇಕೆಂದು ತೋಚದಿದ್ದರೆ 0808 2000 247ಕ್ಕೆ ಕರೆ ಮಾಡಿ. ಇದು ಹಗಲು ರಾತ್ರಿ ತೆರೆದಿರುವ ಉಚಿತ ರಾಷ್ಟ್ರೀಯ ಸಹಾಯವಾಣಿ. ವೇಲ್ಸಿನವರಿಗೆ 0808 80 10 800, ಸ್ಕಾಟ್‌ಲೆಂಡಿನವರಿಗೆ 0800 027 1234.

ಅಪಾಯ ಎಷ್ಟಿದೆಯೆಂದು ಅಳೆಯಲು ಡ್ಯಾಶ್ ಎಂಬ ಪ್ರಶ್ನಾವಳಿಯನ್ನು ಬಳಸುತ್ತಾರೆ. ಹೆಚ್ಚು ಬಳಕೆಯಲ್ಲಿರುವ ರೂಪದಲ್ಲಿ 24 ಪ್ರಶ್ನೆಗಳಿದ್ದು, 14 ಅಥವಾ ಹೆಚ್ಚಿನವಕ್ಕೆ ಹೌದು ಎಂಬ ಉತ್ತರ ಬಂದರೆ ಸಾಮಾನ್ಯವಾಗಿ ತೀವ್ರ ಅಪಾಯವೆಂದು ಪರಿಗಣಿಸುತ್ತಾರೆ. ಕಡಿಮೆ ಬಂದರೂ ಕೇಳುವವರಿಗೆ ಆತಂಕವೆನಿಸಿದರೆ ಅದೂ ಸಾಕು. ಇಲ್ಲಿ ನಮ್ಮ ಹೆಣ್ಣುಮಕ್ಕಳು ಮಾಡುವುದೊಂದಿದೆ. ಕತ್ತು ಹಿಸುಕಿದ್ದಾರೆಯೇ ಎಂದು ಕೇಳಿದರೆ, "ಅಷ್ಟೇನಿಲ್ಲ, ಸಿಟ್ಟು ಬಂದಾಗ ಕುತ್ತಿಗೆಗೆ ಕೈ ಹಾಕ್ತಾರೆ, ಆಮೇಲೆ ಅವರೇ ಅಳ್ತಾರೆ" ಎನ್ನುತ್ತಾರೆ. ದಯವಿಟ್ಟು ಹೀಗೆ ಸಣ್ಣದು ಮಾಡಿ ಹೇಳಬೇಡಿ. ಕುತ್ತಿಗೆಗೆ ಕೈ ಹೋಗುವುದು ಪ್ರಾಣಾಪಾಯದ ದೊಡ್ಡ ಸೂಚನೆಗಳಲ್ಲೊಂದು, ಮತ್ತು 2022ರ ಜೂನ್‌ನಿಂದ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಅದೇ ಒಂದು ಪ್ರತ್ಯೇಕ ಅಪರಾಧ. ಬಸುರಿಯಾಗಿರುವಾಗಿನ ಹಲ್ಲೆ, ಕೊಲ್ಲುತ್ತೇನೆ ಅಥವಾ ಸಾಯುತ್ತೇನೆ ಎಂಬ ಬೆದರಿಕೆ, ಬೆನ್ನುಹತ್ತಿ ಬರುವುದು ಇವೂ ಪ್ರಾಣಾಪಾಯದ ಅಂಥ ಸೂಚನೆಗಳೇ.

ತೀವ್ರ ಅಪಾಯವೆಂದು ಕಂಡ ಪ್ರಕರಣ ಮ್ಯಾರಾಕ್ ಎಂಬ ಸಭೆಗೆ ಹೋಗುತ್ತದೆ. 2003ರಲ್ಲಿ ಕಾರ್ಡಿಫ್‌ನಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪೊಲೀಸ್, ಆರೋಗ್ಯ, ವಸತಿ, ಮಕ್ಕಳ ರಕ್ಷಣೆ ಮುಂತಾದ ಇಲಾಖೆಯವರು ಒಂದೆಡೆ ಕುಳಿತು, ತಮತಮಗೆ ತಿಳಿದದ್ದನ್ನು ಒಟ್ಟುಗೂಡಿಸಿ ಯಾರು ಏನು ಮಾಡಬೇಕೆಂದು ನಿಗದಿಪಡಿಸುತ್ತಾರೆ. ನೀವು ಅಲ್ಲಿಗೆ ಹೋಗಬೇಕಿಲ್ಲ. ನಿಮ್ಮ ಮಾತನ್ನು ಐಡ್ವಾ ಹೇಳುತ್ತಾರೆ. ಹಿಂಸಿಸುವವನಿಗೆ ಸಭೆಯ ಸುದ್ದಿ ಮುಟ್ಟಿಸುವುದಿಲ್ಲ.

ಇನ್ನು ಸಂಘದ ಹಿರಿಯರಿಗೂ ಸ್ನೇಹಿತರಿಗೂ ಒಂದು ಮಾತು. ಗಂಡ ಹೆಂಡತಿಯನ್ನು ಎದುರುಬದುರು ಕೂರಿಸಿ ರಾಜಿ ಪಂಚಾಯಿತಿ ಮಾಡುವುದು ನಮ್ಮಲ್ಲಿ ಒಳ್ಳೆಯ ಮನಸ್ಸಿನಿಂದಲೇ ನಡೆಯುತ್ತದೆ. ಆದರೆ ಪ್ರಾಣಭಯವಿರುವ ಕಡೆ ಅದನ್ನು ಖಂಡಿತ ಮಾಡಬಾರದು. ಆಕೆ ಬಾಯಿ ಬಿಟ್ಟಿದ್ದಾಳೆ, ಬಿಟ್ಟುಹೋಗುವ ಯೋಚನೆಯಲ್ಲಿದ್ದಾಳೆ ಎಂಬುದು ಆತನಿಗೆ ತಿಳಿಯುವ ಗಳಿಗೆಯೇ ಅತ್ಯಂತ ಅಪಾಯದ್ದು, ಮತ್ತು ನಾವು ಬಾಗಿಲು ದಾಟಿ ಬಂದ ಮೇಲೆ ಆ ಮನೆಯಲ್ಲಿ ಉಳಿಯುವವಳು ಅವಳೊಬ್ಬಳೇ. ನಿಮ್ಮ ಕೆಲಸ ಆಕೆ ಹೇಳಿದ್ದನ್ನು ನಂಬುವುದು, ಗುಟ್ಟು ಕಾಯುವುದು, ಆಕೆ ಒಪ್ಪಿದರೆ ನಿಮ್ಮ ಫೋನಿನಿಂದ ಸಹಾಯವಾಣಿಗೆ ಕರೆ ಮಾಡಿಸುವುದು. ಕೂಡಲೇ ಜೀವಕ್ಕೆ ಅಪಾಯವಿದೆಯೆಂದು ಕಂಡರೆ ಒಪ್ಪಿಗೆಗೆ ಕಾಯದೆ 999ಕ್ಕೆ ತಿಳಿಸಿ. ದುಭಾಷಿಯಾಗಿಯೂ ಪರಿಚಿತರು ಕೂರುವುದು ಬೇಡ. ಪೊಲೀಸರಲ್ಲೂ ಆಸ್ಪತ್ರೆಯಲ್ಲೂ ಕನ್ನಡ ದುಭಾಷಿ ಬೇಕೆಂದು ಕೇಳಿದರೆ ಉಚಿತವಾಗಿ ಏರ್ಪಡಿಸುತ್ತಾರೆ.

ವೀಸಾದ ಭಯವೇ ಅನೇಕರ ಬಾಯಿ ಕಟ್ಟಿಹಾಕಿರುತ್ತದೆ. "ನಿನ್ನ ವೀಸಾ ಕ್ಯಾನ್ಸಲ್ ಮಾಡಿಸ್ತೀನಿ" ಎಂದು ಗಂಡ ಬೆದರಿಸಬಹುದು, ಆದರೆ ಆ ಅಧಿಕಾರ ಇರುವುದು ಗೃಹ ಇಲಾಖೆಗೆ ಮಾತ್ರ. ಗಂಡ ಬ್ರಿಟಿಷ್ ಪ್ರಜೆಯಾಗಿದ್ದು ಅಥವಾ ಇಲ್ಲಿ ಕಾಯಂ ನೆಲೆಯ ಹಕ್ಕು ಪಡೆದಿದ್ದು, ಹಿಂಸೆಯ ಕಾರಣದಿಂದ ಸಂಸಾರ ಮುರಿದರೆ, ಸಂಗಾತಿ ವೀಸಾದಲ್ಲಿರುವ ಪತ್ನಿ ತಾನೇ ಕಾಯಂ ನೆಲೆಗೆ ಅರ್ಜಿ ಹಾಕಬಹುದು. ಕೈಯಲ್ಲಿ ಹಣವಿಲ್ಲದವರಿಗೆ ಸರ್ಕಾರಿ ನೆರವು ಪಡೆಯಲು ಅವಕಾಶವಿರುವ 3 ತಿಂಗಳ ವಿಶೇಷ ಅನುಮತಿಯೂ ಇದೆ. 2024ರ ಫೆಬ್ರುವರಿಯಿಂದ ಇದನ್ನು ಉದ್ಯೋಗ ವೀಸಾ ಮತ್ತು ವಿದ್ಯಾರ್ಥಿ ವೀಸಾದವರ ಅವಲಂಬಿತ ಸಂಗಾತಿಗಳಿಗೂ ವಿಸ್ತರಿಸಲಾಗಿದೆ. ನಮ್ಮ ಐಟಿ ಕುಟುಂಬಗಳಲ್ಲಿ ಬಹುಪಾಲು ಈ ಗುಂಪಿನವರೇ. ಆದರೆ ಅವರಿಗೆ 3 ತಿಂಗಳ ಬಳಿಕ ಇದೇ ನಿಯಮದಡಿ ಕಾಯಂ ನೆಲೆಯ ದಾರಿಯಿಲ್ಲ, ಮತ್ತು ಈ ಅನುಮತಿ ಪಡೆದೊಡನೆ ಹಳೆಯ ವೀಸಾ ಕೊನೆಗೊಳ್ಳುತ್ತದೆ. ಆದ್ದರಿಂದ ಅರ್ಜಿಗೆ ಮೊದಲು ವಲಸೆ ವಕೀಲರನ್ನು ಕಾಣಲೇಬೇಕು. ಸೂಕ್ತ ವಕೀಲರ ಬಳಿ ಕಳುಹಿಸುವ ಕೆಲಸವನ್ನೂ ಐಡ್ವಾ ಮಾಡುತ್ತಾರೆ.

ವೀಸಾ ಈಗ ಕಾರ್ಡಿನ ಬದಲು ಇ-ವೀಸಾ ಖಾತೆಯಲ್ಲಿರುತ್ತದೆ. ಅನೇಕ ಮನೆಗಳಲ್ಲಿ ಹೆಂಡತಿಯ ಖಾತೆಯನ್ನೂ ಗಂಡನೇ ತನ್ನ ಇಮೇಲ್ ಮತ್ತು ಮೊಬೈಲ್ ಸಂಖ್ಯೆ ಕೊಟ್ಟು ತೆರೆದಿರುತ್ತಾನೆ. ಒಳಹೋಗುವ ಕೋಡ್ ಅವನ ಫೋನಿಗೇ ಬರುತ್ತದೆ. ಹೊಸದಾಗಿ ಬಂದವರು ತಮ್ಮ ಖಾತೆಗೆ ಮೊದಲಿನಿಂದಲೇ ಸ್ವಂತ ಸಂಖ್ಯೆ ಕೊಡುವುದು ಒಳ್ಳೆಯದು. ಈಗಾಗಲೇ ಹಿಂಸೆಯಲ್ಲಿರುವವರು ಮಾತ್ರ ಅದನ್ನು ತಾವಾಗಿ ಬದಲಿಸಬಾರದು, ಏಕೆಂದರೆ ಬದಲಾವಣೆಯ ಸೂಚನೆ ಅವನ ಇಮೇಲಿಗೆ ಹೋಗಬಹುದು. ಯಾವಾಗ, ಹೇಗೆ ಎಂಬುದನ್ನು ಐಡ್ವಾ ಜೊತೆ ಕೂತು ನಿರ್ಧರಿಸಿ. ಪಾಸ್‌ಪೋರ್ಟ್, ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪತ್ರಗಳ ಚಿತ್ರಗಳನ್ನು ನಂಬಿಕಸ್ಥ ಗೆಳತಿಯೊಬ್ಬರ ಬಳಿ ಇರಿಸಿ.

ಊರಿಗೆ ಹೋಗಿಬರೋಣವೆಂದು ಕರೆದೊಯ್ದು, ಪಾಸ್‌ಪೋರ್ಟ್ ಕಿತ್ತುಕೊಂಡು ಹೆಂಡತಿಯನ್ನು ಅಲ್ಲೇ ಬಿಟ್ಟು ಬರುವುದೂ ಹಿಂಸೆಯ ಒಂದು ಬಗೆಯೆಂದು ಇಲ್ಲಿನ ನ್ಯಾಯಾಲಯಗಳು ಗುರುತಿಸಿವೆ. ಸಂಗಾತಿ ವೀಸಾದಲ್ಲಿದ್ದು ಹೀಗೆ ಪರಿತ್ಯಕ್ತರಾದವರು 2024ರಿಂದ ಭಾರತದಿಂದಲೇ ಕಾಯಂ ನೆಲೆಗೆ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ತಕ್ಷಣದ ನೆರವಿಗೆ 181 ಮಹಿಳಾ ಸಹಾಯವಾಣಿಯಿದೆ. ಹೊರಡುವ ಮುನ್ನವೇ ಅನುಮಾನ ಬಂದರೆ ಇಲ್ಲಿನ ಪೊಲೀಸರಿಗೆ 101ರಲ್ಲಿ ತಿಳಿಸಬಹುದು. ವಿಮಾನ ನಿಲ್ದಾಣದವರೆಗೆ ಹೋಗಿಬಿಟ್ಟಿದ್ದರೂ ಅಲ್ಲಿನ ಭದ್ರತಾ ತಪಾಸಣೆಯ ಅಧಿಕಾರಿಗೆ ನೇರವಾಗಿ ಹೇಳಿ.